ಮಿಲ್ಟ್ರಿ ಬಿಟ್ಟು ಎಚ್‌ಆರ್‌ಗೆ ಬರಬಹುದೇನ್ರಿ? ಓದುಗರು ಕೇಳ್ಯಾರ

ಈ ಸಲ ಬಂದ ಪತ್ರ ನೋಡಿದ್ರ ಅರ್ಧಕ್ಕಿಂತ ಜಾಸ್ತಿ ಮಿಲ್ಟ್ರಿ ಮನಿಯವ್ರವ. ಆಶ್ಚರ್ಯ ಏನಿಲ್ಲ ಬಿಡ್ರಿ, ಬೆಳಗಾವಿಯೊಳಗ 1922ರಿಂದ ಮರಾಠಾ ಲೈಟ್ ಇನ್ಫೆಂಟ್ರಿ ಸೆಂಟರ್ ಐತಿ, ಸಾಂಬ್ರಾದಾಗ ಏರ್‌ಮೆನ್ ಟ್ರೇನಿಂಗ್ ಸ್ಕೂಲ್ ಐತಿ, ವಿಜಯಪುರದಾಗ 1963ರಿಂದ ಸೈನಿಕ ಶಾಲೆ ಐತಿ, ನಮ್ಮ ಕಡೆ ಓಣಿಗೊಬ್ಬರು ಪೆನ್ಷನ್ ಬಂದವ್ರು ಸಿಗ್ತಾರ. ಮೊದಲೆಲ್ಲ ಬ್ಯಾಂಕಿನ ಗಾರ್ಡ್, ಎಟಿಎಂ ಬಾಗಲಾ, ಇಲ್ಲಾಂದ್ರ ಊರಾಗ ಹೊಲ ಅಂತಿದ್ರು, ಈಗ ಎಚ್‌ಆರ್, ಅಂದ್ರ ಕಂಪನಿಯ ಸಿಬ್ಬಂದಿ ವಿಭಾಗದ ಕೆಲಸ, ಕೇಳಾಕ ಶುರು ಮಾಡ್ಯಾರ. ಆರು ಪತ್ರ ಆರಿಸ್ಕೊಂಡೇನಿ, ಯಾರ ಹೆಸರೂ ಹಾಕಿಲ್ಲ. ಉತ್ತರ ಅಲ್ಲಲ್ಲಿ ಸ್ವಲ್ಪ ಖಾರ ಆಗಿರಬಹುದು, ಕಾರ್ಖಾನೆ ಟೈಮ್ ಆಫೀಸಿನ್ಯಾಗ (ಹಾಜರಿ, ಪಾಳಿ ಬರಿಯೂ ಕಚೇರಿ) ಕೂದಲಾ ಬೆಳ್ಳಗ ಮಾಡ್ಕೊಂಡಂವ ನಾ, ಸಕ್ಕರಿ ಹಚ್ಚಿ ಮಾತಾಡೂದು ಬರಂಗಿಲ್ಲ.

ಪ್ರಶ್ನೆ: ನಾ ಇನ್ಫೆಂಟ್ರಿ ಹವಾಲ್ದಾರ್, ಕೊನೇಕ ಸಿಎಚ್‌ಎಂ (ಕಂಪನಿ ಹವಾಲ್ದಾರ್ ಮೇಜರ್) ಆಗಿ ಕೆಲಸ ಮಾಡೇನಿ, ಮುಂದಿನ ವರ್ಷ ಪೆನ್ಷನ್ ಬರ್ತೇನಿ. ಡಿಸ್ಟನ್ಸ್‌ನ್ಯಾಗ ಬಿಎ ಮುಗಿಸೇನಿ. ಊರಾಗ ಎಲ್ಲಾರೂ ಸೆಕ್ಯೂರಿಟಿ ಸೇರು, ಗನ್‌ಮ್ಯಾನ್ ಆಗು ಅಂತಾರ, ನಂಗ ಬಂದೂಕ ಸಾಕಾಗೇತ್ರಿ. ಜನರ ಕೂಡ ಕೆಲಸ ಮಾಡೂದು ಅಂದ್ರ ಮನಸೈತಿ. ಎಚ್‌ಆರ್ ಸಿಗ್ತೈತೇನು? ಎಲ್ಲಿಂದ ಶುರು ಮಾಡ್ಲಿ? — ಗೋಕಾಕ ತಾಲೂಕಿನಿಂದ

ಸಿಗ್ತೈತಿ. ಆದ್ರ ಸಿಗೋ ಬಾಗಲಾ ಯಾವ್ದು ಅನ್ನೂದು ಮೊದಲ ತಿಳ್ಕೋರಿ, ಯಾಕಂದ್ರ ನಿಮ್ಮಂಥವ್ರನ್ನ ಕಂಪನಿಯವ್ರು ಕರಿಯೂದು ಎಚ್‌ಆರ್ ಅಂತ, ಕೂರಿಸೂದು ‘ಅಡ್ಮಿನ್’ ಅಂತ. ಅಡ್ಮಿನ್ ಅಂದ್ರ ಗೇಟು, ಗಾಡಿ, ಗಾರ್ಡನ್, ಕ್ಯಾಂಟೀನು, ಸಿಸಿಟಿವಿ, ಸಾಹೇಬ್ರು ಬಂದಾಗ ಹೂಗುಚ್ಛ. ಕೆಲಸ ಕೀಳು ಅಂತ ನಾ ಅನ್ನಂಗಿಲ್ಲ, ಆದ್ರ ಅದರಾಗ ಐದ ವರ್ಷ ಕಳದ್ರ ಐದ ವರ್ಷ ಆದ ಮ್ಯಾಲೂ ನೀವು ಅಡ್ಮಿನ್ನ, ಆ ಬಾಗಲಾದಿಂದ ಎಚ್‌ಆರ್ ಕಡೆ ಹಾದು ಬಂದವ್ರನ್ನ ನಾ ಭಾಳ ಕಮ್ಮಿ ನೋಡೇನಿ. ಹಂಗಾಗಿ ಸೇರೂ ಮುಂದ ಒಂದ ಪ್ರಶ್ನೆ ಕೇಳ್ರಿ, ‘ಹಾಜರಿ ಮತ್ತ ಪಗಾರದ ಫೈಲ್ ನನ್ನ ಕೈಯಾಗ ಬರ್ತೈತೇನು?’ ಬರಂಗಿಲ್ಲ ಅಂದ್ರ ಅದು ಎಚ್‌ಆರ್ ಕೆಲಸ ಅಲ್ಲ.

ಮಿಲ್ಟ್ರಿಯಿಂದ ಬಂದವ್ರು ಇಂಟರ್‌ವ್ಯೂನಾಗ ಕುಂತ ಕೂಡ್ಲೇ ಶಿಸ್ತು, ಲೀಡರ್‌ಶಿಪ್, ದೇಶಸೇವೆ ಅಂತ ಶುರು ಮಾಡ್ತಾರ. ಎದುರು ಕುಂತಂವ ಗೌರವದ್ಲೆ ತಲಿ ಆಡಸ್ತಾನ, ಮನಸಿನ್ಯಾಗ ‘ಇಂವ ನಮ್ಮ ಹುಡುಗೂರಿಗೆ ಒದರ್ತಾನ’ ಅಂತ ಬರ್ಕೋತಾನ. ನಿಮ್ಮ ಖರೇ ಬಂಡವಾಳ ಹುಕುಂ ಕೊಡೂದಲ್ಲ, ರಿಕಾರ್ಡು ಇಡೂದು. ಸಿಎಚ್‌ಎಂ ಆಗಿ ನೀವು ಏನು ಮಾಡ್ತಿದ್ರಿ ನೆನಪು ಮಾಡ್ಕೋರಿ. ಸುಮಾರು 120 ಜನರ ಕಂಪನಿ (ಫೌಜಿನ ತುಕಡಿ), ಮುಂಜಾನೆ ಎಷ್ಟು ಜನ ಹಾಜರು, ಎಷ್ಟು ಜನ ರಜೆ ಮ್ಯಾಲೆ, ಯಾರು ಆಸ್ಪತ್ರೆಯೊಳಗ, ಯಾರು ಕೋರ್ಸಿಗೆ ಹೋಗ್ಯಾರ, ಯಾರ ಮನ್ಯಾಗ ತಾಯಿಗೆ ಆರಾಮಿಲ್ಲ, ಯಾರು ಎರಡ ದಿನದಿಂದ ಊಟ ಸರಿ ಮಾಡವಲ್ಲ, ಇಷ್ಟೂ ನಿಮಗ ಬಾಯಿಪಾಠ ಇರ್ತಿತ್ತು. ಒಬ್ಬಂವಗ ಮದಿವಿ ಆತು, ಮಗಾ ಹುಟ್ಟಿತು, ಪ್ರಮೋಷನ್ ಬಂತು ಅಂದ್ರ ಪಾರ್ಟ್ ಟೂ ಆರ್ಡರ್ (ಆ ಬದಲಾವಣೆ ದಾಖಲೆ ಮಾಡೂ ಆದೇಶ) ಹೊರಡಬೇಕು, ಅದು ಹೊರಡದಿದ್ರ ರಿಕಾರ್ಡ್ ಆಫೀಸಿನ್ಯಾಗ ಹೆಂಡ್ತಿ ಹೆಸರ ಇರಂಗಿಲ್ಲ, ನಾಳೆ ಅಂವಗ ಏನರ ಆದ್ರ ಫ್ಯಾಮಿಲಿ ಪೆನ್ಷನ್‌ಗೆ ಆಕಿ ಕಚೇರಿ ಕಚೇರಿ ಅಲೀಬೇಕು. ಕಾರ್ಖಾನೆಯೊಳಗೂ ಇದ ಕತಿ ನೋಡ್ರಿ, ಪಿಎಫ್ ನಾಮಿನೇಶನ್ ತುಂಬಿರಂಗಿಲ್ಲ, ಆಧಾರದಾಗ ಒಂದ ಹೆಸರು ಪಿಎಫ್‌ನ್ಯಾಗ ಒಂದ ಹೆಸರು, ಇಎಸ್‌ಐ (ಕೆಲಸಗಾರರ ಆರೋಗ್ಯ ವಿಮೆ) ಕಾರ್ಡಿನ್ಯಾಗ ಹೆಂಡ್ತಿ ಮಕ್ಕಳು ಇಲ್ಲ, ಕೆಲಸಗಾರ ತೀರ್ಕೊಂಡ ಮ್ಯಾಲೆ ಆ ಹೆಣ್ಮಗಳು ಎಚ್‌ಆರ್ ಬಾಗಲ್ದಾಗ ಬಂದು ನಿಂದ್ರತಾಳ. ಆ ಕಾಗದ ಮೊದಲ ಸರಿ ಇಡೂ ಮನಷ್ಯಾ ಬೇಕಾಗ್ಯಾನ, ಆ ಮನಷ್ಯಾ ನೀವು.

ಬಯೋಡೇಟಾ ಹಂಗ ಬರೀರಿ. ‘ಸಿಎಚ್‌ಎಂ, ಆಲ್ಫಾ ಕಂಪನಿ’ ಅಂದ್ರ ಬೆಳಗಾವಿ ಉದ್ಯಮಬಾಗದ ಫೌಂಡ್ರಿ (ಎರಕದ ಕಾರ್ಖಾನೆ) ಮ್ಯಾನೇಜರ್‌ಗೆ ಏನ್ ತಿಳೀಬೇಕು? ‘120 ಜನರ ಹಾಜರಿ, ರಜೆ, ಡ್ಯೂಟಿ ಪಾಳಿ, ಶಿಸ್ತಿನ ಕೇಸು, ಕುಟುಂಬದ ದಾಖಲೆ ನೋಡ್ಕೋತಿದ್ದೆ’ ಅಂತ ಬರದ್ರ ತಿಳೀತೈತಿ. ಮೆಡಲ್ ಪಟ್ಟಿ ಕೆಳಗ ಒಂದ ಸಾಲಿನ್ಯಾಗ ಸಾಕು. ಮತ್ತ ಮರಾಠಿ, ಹಿಂದಿ ಬರ್ತಾವು ಅಂತ ದೊಡ್ಡದಾಗಿ ಹಾಕ್ರಿ, ಬೆಳಗಾವಿ ಶಾಪ್‌ಫ್ಲೋರಿನ್ಯಾಗ ಕನ್ನಡ, ಮರಾಠಿ ಎರಡೂ ನಡೀತಾವು, ಉತ್ತರದ ಕಡೆಯಿಂದ ಬಂದ ಹುಡುಗೂರು ಹಿಂದಿ ಮಾತಾಡ್ತಾರ, ಮೂರೂ ಬರೂ ಎಚ್‌ಆರ್ ಅಷ್ಟ ಸರಳ ಸಿಗಂಗಿಲ್ಲ.

ಇನ್ನ ಕಲಿಯೂದು. ನಿಮಗ ಬಾಕಿ ಇರೂದು ಕಾಯ್ದೆ ಮತ್ತ ಪಗಾರದ ಲೆಕ್ಕ. ಇದನ್ನ ಬಿಟ್ಟು ಮೊದಲ ಎಂಬಿಎಗೆ ಲಕ್ಷಗಟ್ಟಲೆ ಸುರೀಬ್ಯಾಡ್ರಿ, ಪೆನ್ಷನ್ ಬಂದವ್ರ ಗ್ರಾಚ್ಯುಟಿ ರೊಕ್ಕದ ಮ್ಯಾಲೆ ಕಣ್ಣಿಟ್ಟಿರೂ ಕಾಲೇಜು ಭಾಳ ಅದಾವ. ಪಿಎಫ್ ಅಂದ್ರ ಕೆಲಸಗಾರಂದು 12 ಪರ್ಸೆಂಟ್, ಮಾಲಕಂದು 12, ಮಾಲಕನ ಪಾಲಿನ್ಯಾಗಿಂದ 8.33 ಪೆನ್ಷನ್ ಸ್ಕೀಮಿಗೆ ಹೋಗ್ತೈತಿ. ಇಎಸ್‌ಐ ಅಂದ್ರ ಕೆಲಸಗಾರಂದು 0.75, ಮಾಲಕಂದು 3.25. ಗ್ರಾಚ್ಯುಟಿ ಅಂದ್ರ ಕೊನೇ ತಿಂಗಳ ಬೇಸಿಕ್ ಮತ್ತ ಡಿಎ ಕೂಡಿಸಿ 26ರಿಂದ ಭಾಗಿಸಿ 15ರಿಂದ ಗುಣಿಸಿ, ಸರ್ವೀಸ್ ವರ್ಷದಿಂದ ಗುಣಿಸೂದು, ಅಂದ್ರ 26,000 ಇದ್ದಂವ 12 ವರ್ಷ ದುಡದಿದ್ರ 1,80,000. ಇಂಥ ಹತ್ತು ಲೆಕ್ಕ ಕಾಗದದ ಮ್ಯಾಲೆ ಕೈಯಿಂದ ಮಾಡ್ರಿ, ಎಕ್ಸೆಲ್ ಆಮ್ಯಾಲೆ. ಎಕ್ಸೆಲ್ ಬರದಿದ್ರೂ ನಡೀತೈತಿ ಅಂತ ಯಾರರ ಹೇಳಿದ್ರ ನಂಬಬ್ಯಾಡ್ರಿ, ಅದು ಬೇಕ ಬೇಕು.

ಒಂದ ಚಲೋ ಸುದ್ದಿ ಅಂದ್ರ ನೀವು ಬರೂ ಹೊತ್ತಿಗೆ ಎಲ್ಲಾರೂ ಹೊಸದಾಗಿ ಕಲೀಬೇಕಾಗೇತಿ. 29 ಹಳೆ ಕಾರ್ಮಿಕ ಕಾಯ್ದೆ ಕೂಡಿಸಿ ಮಾಡಿದ ನಾಕ ಕೋಡ್ 2025ರ ನವೆಂಬರ್ 21ರಿಂದ ಜಾರಿಗೆ ಬಂದಾವ, ನನ್ನಂಥ ಹಳಬರು 1948ರ ಫ್ಯಾಕ್ಟರಿ ಕಾಯ್ದೆ ಬಾಯಿಪಾಠ ಮಾಡ್ಕೊಂಡು ಕುಂತವ್ರು ಮತ್ತ ಪುಸ್ತಕ ತಗದೇವಿ. ಮೊದಲ ವರ್ಷಕ್ಕ 240 ದಿನ ಕೆಲಸ ಮಾಡಿದಂವಗ ಪಗಾರಿ ರಜೆ ಇತ್ತು, ಈಗ 180 ದಿನಕ್ಕ ಬಂದೈತಿ. ಫಿಕ್ಸೆಡ್ ಟರ್ಮ್ (ಇಂತಿಷ್ಟ ಅವಧಿ ಅಂತ) ಮ್ಯಾಲೆ ತಗೊಂಡವ್ರಿಗೆ ಒಂದ ವರ್ಷಕ್ಕ ಗ್ರಾಚ್ಯುಟಿ. ಅಲವನ್ಸ್ ಒಟ್ಟು ಪಗಾರದ ಅರ್ಧ ದಾಟಿದ್ರ ದಾಟಿದ್ದು ವೇಜಸ್‌ನ್ಯಾಗ (ಪಿಎಫ್, ಗ್ರಾಚ್ಯುಟಿ ಲೆಕ್ಕಕ್ಕ ಹಿಡಿಯೂ ಪಗಾರ) ಕೂಡ್ತೈತಿ, ಅಂದ್ರ 30,000 ಕೊಟ್ಟು ಬೇಸಿಕ್ 10,000 ತೋರಿಸ್ತಿದ್ದ ಮಾಲಕ ಈಗ 15,000 ಅಂತ ಹಿಡೀಬೇಕು. ಕೆಲಸ ಬಿಟ್ಟವ್ರ ಬಾಕಿ ಪಗಾರ ಎರಡ ಕೆಲಸದ ದಿನದಾಗ ಚುಕ್ತಾ. ಇಷ್ಟು ನೀಟಾಗಿ ಹೇಳಾಕ ಬಂದ್ರ ಇಂಟರ್‌ವ್ಯೂನಾಗ ಬಾಜೂಕ ಕುಂತ ಎಂಬಿಎ ಹುಡುಗಗಿಂತ ನೀವು ಮುಂದ.

ಮತ್ತ ಡಿಸ್ಚಾರ್ಜ್ ಆಗೂಕಿಂತ ಮೊದಲ, ಪಗಾರ ಬರ್ತಿರುವಾಗನ, ಡಿಜಿಆರ್ (ಸೈನಿಕರ ಪುನರ್ವಸತಿ ನೋಡೂ ಕೇಂದ್ರದ ಕಚೇರಿ) ರೀಸೆಟ್ಲ್‌ಮೆಂಟ್ ಕೋರ್ಸಿಗೆ ಯೂನಿಟ್ ಕಡಿಂದ ಅರ್ಜಿ ಹಾಕ್ರಿ. ಪಟ್ಟಿಯೊಳಗ ಸೆಕ್ಯೂರಿಟಿ ಕೋರ್ಸ ಮೊದಲ ಕಣ್ಣಿಗೆ ಬೀಳ್ತೈತಿ, ಅದನ್ನ ದಾಟಿ ಎಚ್‌ಆರ್ ಮ್ಯಾನೇಜ್‌ಮೆಂಟ್ ಹುಡುಕ್ರಿ. ಊರಿಗೆ ಬಂದ ಕೂಡ್ಲೇ ಜಿಲ್ಲಾ ಸೈನಿಕ ಕಲ್ಯಾಣ ಇಲಾಖೆಯೊಳಗ ಹೆಸರು ನೋಂದಾಯಿಸ್ರಿ. ಆಮ್ಯಾಲೆ ಸಣ್ಣ ಫ್ಯಾಕ್ಟರಿಯೊಳಗ ಟೈಮ್ ಆಫೀಸಿಗೆ ಸೇರ್ರಿ. ಹವಾಲ್ದಾರ್ ಆಗಿದ್ದಂವ ಟೈಮ್ ಕೀಪರ್ ಆಗೂದಾ ಅಂತ ನೆಂಟರು ಮೂಗು ಮುರೀತಾರ, ಮುರೀಲಿ. ಮಸ್ಟರ್ (ಹಾಜರಿ ಪುಸ್ತಕ), ಓವರ್‌ಟೈಮ್, ಪಾಳಿ ಬದ್ಲಿ, ಕಂತ್ರಾಟದಾರರ ಬಿಲ್ಲು, ಇವನ್ನ ಒಂದ ವರ್ಷ ನೋಡಿದವ್ರಿಗೆ ಕಾರ್ಖಾನೆಯೊಳಗ ಏನು ನಡದೈತಿ ಅಂತ ಯಾರೂ ಹೇಳಿಕೊಡೂದು ಬ್ಯಾಡ.

ಪ್ರಶ್ನೆ: ನಾ ಎಸ್ಸೆಸ್ಸೆಲ್ಸಿ ಪಾಸ್, 17 ವರ್ಷ ಸರ್ವೀಸ್. ಬರೂ ಮುಂದ ಗ್ರ್ಯಾಜುಯೇಷನ್ ಸರ್ಟಿಫಿಕೇಟ್ ಕೊಟ್ಟಾರ. ಇದರ ಮ್ಯಾಲೆ ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮಾಡಿ ಎಚ್‌ಆರ್‌ಗೆ ಹೋಗಬೇಕಂತೇನಿ, ಅಡ್ಮಿಶನ್ ಸಿಗ್ತೈತಲ್ಲ? — ವಿಜಯಪುರದಿಂದ

ಇಲ್ರೀ. ಈ ಪ್ರಶ್ನೆ ಪ್ರತಿ ಸಲ ಬರ್ತೈತಿ, ಪ್ರತಿ ಸಲ ನಂಗ ಬ್ಯಾಸರಾಗ್ತೈತಿ, ಯಾಕಂದ್ರ ಆ ಕಾಗದ ಕೊಡೂ ಮುಂದ ಯಾರೂ ಬಿಡಿಸಿ ಹೇಳಿರಂಗಿಲ್ಲ. ಅದು 1986ರ ಕೇಂದ್ರ ಸರ್ಕಾರದ ಆದೇಶದಿಂದ ಬಂದದ್ದು, ಮ್ಯಾಟ್ರಿಕ್ ಪಾಸಾಗಿ 15 ವರ್ಷ ಸರ್ವೀಸ್ ಮಾಡಿದ ಮಾಜಿ ಸೈನಿಕರನ್ನ ಡಿಗ್ರಿ ಕೇಳೂ ಗ್ರೂಪ್ ಸಿ ಹುದ್ದೆಗೆ ಅರ್ಹರು ಅಂತ ಹಿಡಿಯಾಕ, ಅದೂ ಟೆಕ್ನಿಕಲ್ ಅನುಭವ ಬೇಡದ ಹುದ್ದೆಗೆ. ನೌಕರಿ ಅರ್ಜಿಗೆ ಅದು ಕೆಲಸಕ್ಕ ಬರ್ತೈತಿ, ಯೂನಿವರ್ಸಿಟಿಗೆ ಡಿಗ್ರಿ ಆಗಂಗಿಲ್ಲ, ಖಾಸಗಿ ಕಂಪನಿ ಮಂದಿ ಅದನ್ನ ನೋಡಿ ಮಡಚಿ ವಾಪಸ್ ಕೊಡ್ತಾರ.

ನೀವು ಪಿಯುಸಿನೂ ಮಾಡಿಲ್ಲ ಅಂತ ಕಾಣ್ತೈತಿ, ಹಂಗಿದ್ರ ಮೊದಲ ಎನ್‌ಐಓಎಸ್‌ದಿಂದ (ರಾಷ್ಟ್ರೀಯ ಮುಕ್ತ ಶಾಲೆ) ಹನ್ನೆರಡನೇದು, ಆಮ್ಯಾಲೆ ಇಗ್ನೋ ಅಥವಾ ಮೈಸೂರಿನ ಮುಕ್ತ ವಿವಿಯಿಂದ ಡಿಗ್ರಿ. ವರ್ಷ ಹಿಡೀತೈತಿ. ಅಲ್ಲಿ ತನಕ ಸುಮ್ನ ಕುಂದ್ರೂದು ಬ್ಯಾಡ, ಟೈಮ್ ಆಫೀಸ್ ಅಸಿಸ್ಟೆಂಟ್ ಕೆಲಸಕ್ಕ ಡಿಗ್ರಿ ಕೇಳದ ಫ್ಯಾಕ್ಟರಿ ಅದಾವ. ಎಂಎಸ್‌ಡಬ್ಲ್ಯೂ ಅಂದ್ರಿ, ಆ ವಿಚಾರ ಮಾತ್ರ ಚಲೋ ಐತಿ, ಕಾರ್ಖಾನೆ ವೆಲ್ಫೇರ್ ಆಫೀಸರ್ ಹುದ್ದೆಗೆ ಎಂಬಿಎಗಿಂತ ಎಂಎಸ್‌ಡಬ್ಲ್ಯೂಗೆ ಬೆಲೆ ಜಾಸ್ತಿ. ಮೊದಲ 500 ಕೆಲಸಗಾರರಿದ್ರ ವೆಲ್ಫೇರ್ ಆಫೀಸರ್ ಇಡಬೇಕಿತ್ತು, ಹೊಸ ಕೋಡಿನ್ಯಾಗ 250ಕ್ಕ ಇಳದೈತಿ. ಅಂದ್ರ ಇಷ್ಟು ದಿನ ಆ ಹುದ್ದೆನ ಇಲ್ದ ನಡಿಸಿದ ಮಧ್ಯಮ ಗಾತ್ರದ ಕಾರ್ಖಾನೆಯವ್ರೂ ಈಗ ಹುಡುಕಬೇಕಾಗ್ತೈತಿ. ಹೊಸಬರು ಈ ಹುದ್ದೆ ಕಡೆ ನೋಡಂಗಿಲ್ಲ, ಎಲ್ಲಾರಿಗೂ ಬೆಂಗಳೂರಿನ ಎಸಿ ರೂಮಿನ ಎಚ್‌ಆರ್ ಬೇಕು. ನೀವು ನೋಡ್ರಿ.

ಪ್ರಶ್ನೆ: ನಮ್ಮನಿಯವ್ರು ಸುಬೇದಾರ್ ಆಗಿ ರಿಟೈರ್ ಆಗಿ ಮುಧೋಳ ಕಡೆ ಒಂದ ಸಕ್ಕರಿ ಕಾರ್ಖಾನೆಯೊಳಗ ಎಚ್‌ಆರ್ ಆಫೀಸರ್ ಆಗ್ಯಾರ. ಗೇಟಿನ್ಯಾಗ ತಾವ ನಿಂತು ಹತ್ತು ನಿಮಿಷ ಲೇಟ್ ಬಂದವ್ರಿಗೆಲ್ಲ ಅರ್ಧ ದಿನದ ಪಗಾರ ಕಟ್ ಮಾಡಿದ್ರಂತ, ಯೂನಿಯನ್‌ನವ್ರು ಆಫೀಸ್ ಮುಂದ ಕುಂತು ಘೋಷಣೆ ಕೂಗಿದ್ರಂತ. ಮ್ಯಾನೇಜ್‌ಮೆಂಟ್‌ನವ್ರೂ ಇವರ ಬೆನ್ನಿಗೆ ನಿಂದ್ರಲಿಲ್ಲ. ‘ಇಪ್ಪತ್ತೆಂಟು ವರ್ಷ ಯಾರೂ ನನಗ ಎದುರು ಮಾತಾಡಿಲ್ಲ’ ಅಂತ ಒಂದ ಹಟ. ಮನಿಗೆ ಬಂದ್ರ ಮಾತಿಲ್ಲ, ಕತಿ ಇಲ್ಲ. ನಾ ಏನು ಹೇಳಲಿ? — ಬಾಗಲಕೋಟೆ ಜಿಲ್ಲೆಯಿಂದ

ಅಕ್ಕಾ, ಈ ಪತ್ರ ಅವರಿಗೇ ಓದಾಕ ಕೊಡ್ರಿ, ನಾ ಅವರ ಕೂಡನ ಮಾತಾಡ್ತೇನಿ.

ಸುಬೇದಾರ್ ಸಾಬ್, ಮೊದಲ ಕಾಯ್ದೆ ಮಾತು. ಕೆಲಸಗಾರ ಎಷ್ಟು ಹೊತ್ತು ಬಂದಿಲ್ಲೋ ಅಷ್ಟು ಹೊತ್ತಿನ ಪಗಾರ ಅಷ್ಟ ಕಡೀಬಹುದು, ಹತ್ತು ನಿಮಿಷಕ್ಕ ಹತ್ತು ನಿಮಿಷದ್ದು. ಅರ್ಧ ದಿನ ಕಡದ್ರಿ ಅಂದ್ರ ಅದು ಶಿಸ್ತಲ್ಲ, ಅಕ್ರಮ ಕಡಿತ. ದಂಡ ಹಾಕಬೇಕು ಅಂದ್ರೂ ಆ ತಿಂಗಳ ಪಗಾರದ 3 ಪರ್ಸೆಂಟ್ ದಾಟಂಗಿಲ್ಲ, ಅದೂ ಯಾವ ತಪ್ಪಿಗೆ ದಂಡ ಅಂತ ಮೊದಲ ನೋಟಿಸ್ ಹಚ್ಚಿರಬೇಕು, ಅವನ ಮಾತು ಕೇಳಿರಬೇಕು. ಇದು ಹೊಸದೇನಲ್ಲ, 1936ರ ಪಗಾರ ಪಾವತಿ ಕಾಯ್ದೆಯೊಳಗೂ ಇತ್ತು, ಈಗಿನ ವೇಜಸ್ ಕೋಡಿನ್ಯಾಗೂ ಐತಿ. ಯೂನಿಯನ್‌ನವ್ರು ಕುಂತದ್ದು ನಿಮ್ಮ ಅವಮಾನಕ್ಕಲ್ಲ, ಅವರಿಗೆ ಕಾಯ್ದೆ ಗೊತ್ತಿತ್ತು, ನಿಮಗ ಗೊತ್ತಿರಲಿಲ್ಲ. ಮ್ಯಾನೇಜ್‌ಮೆಂಟ್ ಹಿಂದ ಸರದದ್ದೂ ಅದಕ್ಕ.

ನಿಮ್ಮ ಸಿಟ್ಟು ನನಗ ತಿಳೀತೈತಿ. ಫೌಜಿನ್ಯಾಗ ಯೂನಿಯನ್ ಇರಂಗಿಲ್ಲ, ಸಂವಿಧಾನದ 33ನೇ ವಿಧಿ ಕೆಳಗ ಆ ಹಕ್ಕಿಗೆ ತಡೆ ಐತಿ, ಹಂಗಾಗಿ ಇಷ್ಟು ವರ್ಷ ನೀವು ‘ನಾವು ಒಪ್ಪಂಗಿಲ್ಲ’ ಅಂತ ಗುಂಪಾಗಿ ಹೇಳೂ ಜನರನ್ನ ನೋಡೇ ಇಲ್ಲ, ಯಾರರ ಹಂಗ ಮಾಡಿದ್ರ ಅದು ದೊಡ್ಡ ಅಪರಾಧ. ಕಾರ್ಖಾನೆಯೊಳಗ ಅದ ಕೆಲಸ 1926ರಿಂದ ಕಾನೂನಿನ ಹಕ್ಕು. ಹೇಳದ ಕೇಳದ ಗೈರಾದ್ರ ಫೌಜಿನ್ಯಾಗ ಆರ್ಮಿ ಕಾಯ್ದೆಯ 39ನೇ ಕಲಮಿನ ಅಪರಾಧ, 30 ದಿನ ದಾಟಿದ್ರ ಕೋರ್ಟ್ ಆಫ್ ಎನ್‌ಕ್ವಾಯರಿ (ಫೌಜಿನ ವಿಚಾರಣಾ ಮಂಡಳಿ). ಇಲ್ಲಿ ಗೈರು ಅಂದ್ರ ಬರೇ ದುರ್ನಡತೆ, ಹತ್ತು ದಿನಕ್ಕಿಂತ ಜಾಸ್ತಿ ರಜೆ ಇಲ್ದ ಗೈರಾದ್ರ ಚಾರ್ಜ್‌ಶೀಟ್ ಕೊಡಬೇಕು, ಉತ್ತರಕ್ಕ ಟೈಮ್ ಕೊಡಬೇಕು, ಎನ್‌ಕ್ವಾಯರಿ ಆಫೀಸರ್ ಬ್ಯಾರೇದವ್ರು ಇರಬೇಕು, ಅವನ ಪರವಾಗಿ ಇನ್ನೊಬ್ಬ ಕೆಲಸಗಾರ ಕುಂದ್ರಬಹುದು, ಸಾಕ್ಷಿನ ಅಂವ ಪ್ರಶ್ನೆ ಮಾಡಬಹುದು. ಇದೇನು ಕಿರಿಕಿರಿ ಅನ್ನಬ್ಯಾಡ್ರಿ ಸಾಬ್, ನಿಮಗ ಇದು ಗೊತ್ತಿದ್ದದ್ದ. ಆರ್ಮಿ ರೂಲ್ 22 ನೆನಪೈತಿಲ್ಲ? ಸಿಒ (ಕಮಾಂಡಿಂಗ್ ಆಫೀಸರ್) ಮುಂದ ಆರೋಪ ಓದಿ, ಸಾಕ್ಷಿ ಕೇಳಿ, ಜವಾನಗ ಸಾಕ್ಷಿನ್ನ ಕ್ರಾಸ್ ಮಾಡಾಕ ಅವಕಾಶ ಕೊಟ್ಟ ಆಮ್ಯಾಲೆ ಮುಂದಿನ ಮಾತು. ಅದರಾಗ ಒಂದ ಹೆಜ್ಜಿ ತಪ್ಪಿದ್ರ ಕೇಸ್ ಬೀಳ್ತೈತಿ ಅಂತ ನಿಮಗ ಯಾರೂ ಹೇಳೂದು ಬ್ಯಾಡ. ಹೊಸ ಎಚ್‌ಆರ್ ಹುಡುಗೂರು ಎನ್‌ಕ್ವಾಯರಿ ಕಾಗದ ಕೆಡಿಸಿ ಲೇಬರ್ ಕೋರ್ಟಿನ್ಯಾಗ ಸೋತು ಬರ್ತಾರ, ಹಿಂದಿನ ಬಾಕಿ ಪಗಾರದ ಸಮೇತ ಕೆಲಸಗಾರನ್ನ ವಾಪಸ್ ತಗೋಬೇಕಾಗ್ತೈತಿ. ನೀವು ಆ ಫೈಲು ನೆಟ್ಟಗ ಕಟ್ಟಬಲ್ಲಿರಿ. ಗೇಟಿನ್ಯಾಗ ನಿಂದ್ರೂದು ಬಿಟ್ಟು ಆ ಫೈಲು ಹಿಡೀರಿ, ಆರು ತಿಂಗಳದಾಗ ಮ್ಯಾನೇಜ್‌ಮೆಂಟ್ ನಿಮ್ಮನ್ನ ಕೇಳದ ಒಬ್ಬಂವಗೂ ನೋಟಿಸ್ ಕೊಡಂಗಿಲ್ಲ.

ಇನ್ನೊಂದ. ಸಕ್ಕರಿ ಕಾರ್ಖಾನೆ ಅಂದ್ರ ಸೀಜನ್ ಕೆಲಸ, ಕಬ್ಬು ಅರಿಯೂ ತಿಂಗಳದಾಗ ಮೂರೂ ಪಾಳಿ ಜನ ಬೇಕು, ಸೀಜನ್ ಮುಗದ್ರ ಸೀಜನಲ್ ಮಂದಿ ಮನಿಗೆ, ಅವರಿಗೆ ರಿಟೇನಿಂಗ್ ಅಲವನ್ಸ್ ಅಂತ ಒಂದ ಪಾಲು ಬರ್ತೈತಿ, ಅದರ ಲೆಕ್ಕದಾಗ ಪ್ರತಿ ವರ್ಷ ಜಗಳ. ಆ ಲೆಕ್ಕ ನೀವು ಕಲ್ತು ಯೂನಿಯನ್ ಲೀಡರ್ ಕೂಡ ಕುಂತು ಚಾ ಕುಡಕೋತ ಹೆಸರಿನ ಪಟ್ಟಿ ತಾಳೆ ಹಾಕಿ ನೋಡ್ರಿ. ಸೈನಿಕ ಸಮ್ಮೇಳನದಾಗ ಜವಾನರು ಎದ್ದು ನಿಂತು ‘ಸಾಬ್, ಲಂಗರ್ ಊಟ ಸರಿ ಇಲ್ಲ’ ಅಂತ ಹೇಳ್ತಿದ್ರಲ್ಲ, ಕಮಾಂಡಿಂಗ್ ಆಫೀಸರ್ ಅದನ್ನ ಎದುರು ಮಾತು ಅಂತ ತಿಳ್ಕೋತಿದ್ರೇನು?

ಅಕ್ಕಾ, ನಿಮಗ ಒಂದ ಮಾತು: ಅವರು ಮಾತಾಡವಲ್ರು ಅಂದ್ರ ಕೆಲಸದ್ದಷ್ಟ ಅಲ್ಲ, ಎಲ್ಲಾರೂ ಸಾಬ್ ಸಾಬ್ ಅಂತಿದ್ದ ಜಾಗಾ ಬಿಟ್ಟು ಬಂದಾರ. ಹಳೆ ಪಲ್ಟನ್ ಗೆಳೆಯಾರು ಊರಾಗ ಇದ್ರ ಕರಸ್ರಿ. ನಿದ್ದಿ ಹೋಗೇತಿ, ಊಟ ಹೋಗೇತಿ ಅಂದ್ರ ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಪಾಲಿಕ್ಲಿನಿಕ್ಕಿಗೆ ಕರ್ಕೊಂಡು ಹೋಗ್ರಿ, ಅಲ್ಲಿಂದ ಮಾನಸಿಕ ತಜ್ಞರ ಕಡೆ ಕಳಸ್ತಾರ, ನಾಚಿಕಿ ಪಡೂ ಮಾತಲ್ಲ.

ಪ್ರಶ್ನೆ: ಉದ್ಯಮಬಾಗದಾಗ ನಂದು ಸಣ್ಣ ಫೌಂಡ್ರಿ. ಎಚ್‌ಆರ್‌ಗೆ ಒಬ್ಬರು ಮಾಜಿ ಸೈನಿಕರು ಅರ್ಜಿ ಹಾಕ್ಯಾರ, ಮನಷ್ಯಾ ಚಲೋ ಕಾಣ್ತಾನ. ಪೆನ್ಷನ್ ಹೆಂಗೂ ಬರ್ತೈತಿ, 12,000 ಕೊಟ್ರ ಸಾಕಲ್ಲ? — ಬೆಳಗಾವಿಯಿಂದ

ಸಾಕಾಗಂಗಿಲ್ಲ. ಪೆನ್ಷನ್ ಅಂವ ಹಿಂದ ಮಾಡಿದ ಸರ್ವೀಸಿಗೆ ಬರೂದು, ನೀವು ಕೊಡೂದು ಇನ್ನ ಮುಂದ ಮಾಡೂ ಕೆಲಸಕ್ಕ. ಅದ ಕೆಲಸಕ್ಕ ಪೆನ್ಷನ್ ಇಲ್ದಂವ ಬಂದ್ರ ಎಷ್ಟು ಕೊಡ್ತಿದ್ರಿ? ಅಷ್ಟು ಕೊಡ್ರಿ. ಕಮ್ಮಿ ಕೊಟ್ರ ಮೊದಲ ಆರು ತಿಂಗಳು ಮರ್ಯಾದಿಗೆ ಇರ್ತಾನ, ಆಮ್ಯಾಲೆ ಹೊಸ ನೌಕರಿ ಸಿಕ್ಕ ಕೂಡ್ಲೇ ಹೋಗ್ತಾನ, ಹೋಗಲಿ ಬಿಡ್ರಿ ಅಂತ ನಾನೂ ಅಂತೇನಿ. ಮಿನಿಮಮ್ ವೇಜಸ್ ಪಟ್ಟಿನೂ ಒಮ್ಮೆ ತಗದು ನೋಡ್ರಿ, 12,000 ಅನ್ನೂಕಿಂತ ಮೊದಲ.

ಇದನ್ನ ಓದೂ ಮಾಜಿ ಸೈನಿಕರಿಗೂ ಹೇಳ್ತೇನಿ, ಇಂಟರ್‌ವ್ಯೂನಾಗ ಪೆನ್ಷನ್ ಎಷ್ಟು ಅಂತ ಕೇಳಿದ್ರ ‘ಅದು ಈ ಕೆಲಸಕ್ಕ ಸಂಬಂಧ ಇಲ್ರಿ’ ಅಂತ ನಕ್ಕೋತ ಹೇಳ್ರಿ. ಖಾಸಗಿ ನೌಕರಿ ಸೇರಿದ್ರ ಪೆನ್ಷನ್ ನಿಂದ್ರಂಗಿಲ್ಲ, ಅದು ಹಂಗ ಬರ್ತೈತಿ, ಎರಡೂ ಕೂಡಿಸಿ ಇನ್‌ಕಮ್ ಟ್ಯಾಕ್ಸ್ ಮಾತ್ರ ನೋಡ್ಕೋಬೇಕು.

ಪ್ರಶ್ನೆ: ನಾ ಅಗ್ನಿವೀರ್, ಮೊದಲನೇ ಬ್ಯಾಚು. ನಾಕ ವರ್ಷ ಮುಗಿಯಾಕ ಬಂದೈತಿ, ಫೌಜಿನ್ಯಾಗ ಕಾಯಂ ಆಗೂ 25 ಪರ್ಸೆಂಟ್‌ನ್ಯಾಗ ಬರ್ತೇನೋ ಇಲ್ಲೋ ಗೊತ್ತಿಲ್ಲ. ಬರದಿದ್ರ ಎಚ್‌ಆರ್ ಮಾಡಬಹುದೇನು? — ಇಂಡಿ ತಾಲೂಕಿನಿಂದ

ಮಾಡಬಹುದು, ಆದ್ರ ಈಗಿಂದೀಗ ಅಲ್ಲ. ನಿನ್ನ ವಯಸ್ಸು ಇನ್ನ ಇಪ್ಪತ್ತೆರಡೋ ಇಪ್ಪತ್ತಮೂರೋ ಇರಬೇಕು, ಕಾಲೇಜಿಗೆ ಹೋದ ಗೆಳೆಯಾರು ಈಗ ಡಿಗ್ರಿ ಮುಗಿಸಿ ಕೆಲಸ ಹುಡುಕಾಕತ್ತಾರ, ಅವರಿಗಿಂತ ನೀ ಭಾಳ ಹಿಂದ ಬಿದ್ದಿಲ್ಲ. ಹನ್ನೆರಡನೇದು ಮುಗದಿದ್ರ ಅಗ್ನಿವೀರರ ಸಲುವಾಗಿ ಇಗ್ನೋದವ್ರು ಮಾಡಿದ ಡಿಗ್ರಿ ಐತಿ, ಅದರಾಗ ಅರ್ಧ ಕ್ರೆಡಿಟ್ ನಿನ್ನ ಟ್ರೇನಿಂಗಿನಿಂದನ ಬರ್ತೈತಿ, ಉಳದ ಅರ್ಧ ಓದಿ ಬರೀಬೇಕು. ಅದನ್ನ ಮುಗಿಸು, ಆಮ್ಯಾಲೆ ರಾಣಿ ಚನ್ನಮ್ಮ ವಿವಿಯಂಥ ಕಡೆ ಎಂಎಸ್‌ಡಬ್ಲ್ಯೂ ಅಥವಾ ಎಂಬಿಎ ಸೀಟು ನೋಡು.

ನಾಕ ವರ್ಷ ಮುಗದಾಗ ಸಿಗೂ ಸೇವಾ ನಿಧಿ ಬಡ್ಡಿ ಸಮೇತ 11.71 ಲಕ್ಷದ ಹತ್ರ ಬರ್ತೈತಿ, ಟ್ಯಾಕ್ಸ್ ಇಲ್ಲ. ಪೆನ್ಷನ್ ಇಲ್ಲ ಅನ್ನೂದನ್ನ ಮರೀಬ್ಯಾಡ. ಮನ್ಯಾಗ ಟ್ರ್ಯಾಕ್ಟರ್ ಅಂತಾರ, ಅಕ್ಕನ ಮದಿವಿ ಅಂತಾರ, ಅವರ ಮಾತೂ ಸುಳ್ಳಲ್ಲ, ಆದ್ರ ಎರಡ ವರ್ಷ ಓದೂ ಖರ್ಚು ಮೊದಲ ಬ್ಯಾರೆ ಎಫ್‌ಡಿ ಮಾಡಿ ಇಟ್ಟು ಉಳದದ್ದರ ಮಾತಿಗೆ ಕುಂದ್ರು.

ಪ್ರಶ್ನೆ: ನಾನು ಶಾರ್ಟ್ ಸರ್ವೀಸ್ ಕಮಿಷನ್‌ನಲ್ಲಿ 10 ವರ್ಷ ಮುಗಿಸಿದ ಮಹಿಳಾ ಆಫೀಸರ್. ತಂದೆ ತಾಯಿ ಬೆಳಗಾವಿಯಲ್ಲಿದ್ದಾರೆ. ಬೆಂಗಳೂರಿನ ಐಟಿ ಎಚ್‌ಆರ್‌ಗೆ ಹೋಗಲಾ, ಇಲ್ಲೇ ಹುಡುಕಲಾ? ಜವಾನರಷ್ಟು ಕಷ್ಟ ನಮಗಿರಲ್ಲ ಅಂತ ಎಲ್ಲರೂ ಹೇಳ್ತಾರೆ, ನನಗೆ ಹಾಗೆ ಅನ್ನಿಸ್ತಿಲ್ಲ.

ನಿಮಗ ಅನ್ನಿಸಿದ್ದ ಖರೇ. ಆಫೀಸರ್‌ಗಳಿಗೆ ಐಐಎಂನಂಥ ಕಡೆ 24 ವಾರದ ಡಿಜಿಆರ್ ಕೋರ್ಸ್ ಐತಿ, ಫೀಸಿನ ಒಂದ ಪಾಲು ನಿಮ್ಮ ಕೈಯಿಂದ ಹೋಗ್ತೈತಿ, ಹೆಸರು ದೊಡ್ಡದು, ಕಂಪನಿ ಬಾಗಲಾ ಜಲ್ದಿ ತೆರೀತಾವು. ಆದ್ರ ಒಳಗ ಹೋದ ಮ್ಯಾಲೆ 28 ವರ್ಷದ ಮ್ಯಾನೇಜರ್ ಕೆಳಗ ನೀವು ಕೆಲಸ ಮಾಡಬೇಕು, ಅಂವ ನಿಮಗ ರಿಕ್ರೂಟ್‌ಮೆಂಟ್ ಶೀಟ್ ತುಂಬಾಕ ಹೇಳ್ತಾನ, ಜವಾನಗ ಈ ತ್ರಾಸು ಇರಂಗಿಲ್ಲ, ಅಂವಗ ಮೇಲಿನವ್ರ ಮಾತು ಕೇಳಿ ರೂಢಿ ಐತಿ.

ನನ್ನ ಕೇಳಿದ್ರ ಇಲ್ಲೇ ನೋಡ್ರಿ. ಹತ್ತರಗಿ ಏರೋಸ್ಪೇಸ್ ಎಸ್‌ಇಝಡ್ (ವಿಶೇಷ ಆರ್ಥಿಕ ವಲಯ) ಐತಿ, ದೊಡ್ಡ ಆಸ್ಪತ್ರೆ ಅದಾವ, ಎಂಜಿನಿಯರಿಂಗ್ ಯೂನಿಟ್ ಅದಾವ, ಹೆಣ್ಮಕ್ಕಳು ಪಾಳಿ ಮ್ಯಾಲೆ ಬರೂದು ಜಾಸ್ತಿ ಆಗೇತಿ. 2013ರ ಕಾಯ್ದೆ ಪ್ರಕಾರ 10 ಜನ ಅಥವಾ ಅದಕ್ಕಿಂತ ಜಾಸ್ತಿ ಇರೂ ಕಡೆ ಲೈಂಗಿಕ ಕಿರುಕುಳದ ದೂರಿಗೆ ಆಂತರಿಕ ಸಮಿತಿ ಬೇಕು, ಅದರ ಅಧ್ಯಕ್ಷರು ಹಿರಿಯ ಹುದ್ದೆಯ ಹೆಣ್ಮಗಳ ಇರಬೇಕು, ವಿಚಾರಣೆ 90 ದಿನದಾಗ ಮುಗೀಬೇಕು. ಆ ಕುರ್ಚಿಯೊಳಗ ಕುಂತು ಪ್ರೊಡಕ್ಷನ್ ಹೆಡ್‌ನ ಕರಸಿ ಪ್ರಶ್ನೆ ಕೇಳೂ ಧೈರ್ಯ ಇರೂ ಹಿರಿಯ ಹೆಣ್ಮಗಳನ್ನ ನಮ್ಮ ಕಡೆ ಕಂಪನಿಯವ್ರು ದೀಪ ಹಚ್ಚಿ ಹುಡುಕ್ತಾರ, ನೀವು ಕೋರ್ಟ್ ಆಫ್ ಎನ್‌ಕ್ವಾಯರಿಯೊಳಗ ಮೆಂಬರ್ ಆಗಿ ಕುಂತಿದ್ರ ಆ ಮಾತು ಬಯೋಡೇಟಾದ ಮೊದಲನೇ ಸಾಲಿನ್ಯಾಗ ಬರೀರಿ. ಮತ್ತ ಆಫರ್ ಲೆಟರ್‌ಗೆ ಸಹಿ ಹಾಕೂ ಮುಂದ ಅವರ ಸಮಿತಿಯ ಹೊರಗಿನ ಸದಸ್ಯರು ಯಾರು, ಹೋದ ವರ್ಷ ಮೀಟಿಂಗ್ ಯಾವಾಗ ಆಗೇತಿ ಅಂತ ಕೇಳ್ರಿ. ಒಬ್ಬರ ಮುಖ ಇನ್ನೊಬ್ಬರು ನೋಡಾಕ ಶುರು ಮಾಡಿದ್ರ ಸಮಿತಿ ಬರೇ ಗೋಡಿಗೆ ಹಚ್ಚಿದ ಬೋರ್ಡಿನ್ಯಾಗ ಐತಿ ಅಂತ ತಿಳ್ಕೋರಿ, ಅದನ್ನ ಸರಿ ಮಾಡೂದು ನಿಮ್ಮ ಮೊದಲ ತಿಂಗಳ ಕೆಲಸ ಅಂತ ಅಲ್ಲೇ ಬರಸ್ಕೊಂಡು ಪಗಾರದ ಮಾತಿಗೆ ಬರ್ರಿ.